ಗೋಡೆಯ ಮೇಲಿನ ಗೆರೆ

ಚಪ್ಪಲಿ ಬಿಡಬೇಡಿ, ಒಳಗೆಲ್ಲ ಕೆಸರು. 2022ರ ಸೆಪ್ಟೆಂಬರ್, ಬೆಂಗಳೂರಿನ ಯಮಲೂರು. ಗಣೇಶನ ಹಬ್ಬ ಕಳೆದು ಹತ್ತು ದಿನವೂ ಆಗಿಲ್ಲ. ನೆಲಮಹಡಿಯ ಈ ಬಾಡಿಗೆ ಮನೆಯ ಗೋಡೆಯಲ್ಲಿ ನಿಮ್ಮ ಸೊಂಟದ ಎತ್ತರಕ್ಕೆ ಕಂದು ಗೆರೆ ಎಳೆದಂತಿದೆ. ಮಳೆನೀರು ಅಲ್ಲಿಯವರೆಗೂ ನಿಂತಿತ್ತು.

ವಿಮೆಯ ಸರ್ವೇಯರ್ ಟೇಪು ಹಿಡಿದು ಗೆರೆ ಅಳೆಯುತ್ತಾರೆ. ಫ್ರಿಜ್ಜಿನ ಬಾಗಿಲು ತೆಗೆದರೆ ಹುಳಿದ ಹಿಟ್ಟಿನ ವಾಸನೆ ಮುಖಕ್ಕೆ ರಾಚುತ್ತದೆ. ಬರೆದುಕೊಂಡರು. ಉಬ್ಬಿದ ಮಂಚ, ಹಾಸಿಗೆ, ವಾಷಿಂಗ್ ಮಷೀನು, ಬಟ್ಟೆಬರೆ: ಎಲ್ಲ ಬರೆದುಕೊಂಡರು.

"ಟೀವಿ, ಸರ್?" ಮನೆಯಾಕೆ ಕೇಳುತ್ತಾರೆ. ಅದು ಗೆರೆಗಿಂತ ಮೇಲೆ ತೂಗುತ್ತಿದೆ.

"ಇದಕ್ಕೆ ನೀರು ತಾಕಿಲ್ಲಮ್ಮ. ಒಳಗೇ ಶಾರ್ಟ್ ಆಗಿ ಸುಟ್ಟಿದೆ. ಪಾಲಿಸಿಯಲ್ಲಿ ಅದು ಬರಲ್ಲ. ಇದರಿಂದ ಬೆಂಕಿ ಹತ್ತಿ ಸೋಫಾ ಸುಟ್ಟಿದ್ದರೆ ಸೋಫಾಗೆ ಬರ್ತಿತ್ತು."

ಪಾಲಿಸಿ ಭಾರತ್ ಗೃಹ ರಕ್ಷಾ, 2021ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಒಂದೇ ನಮೂನೆ. ಮನೆಗೆ ವಿಮೆ ಮಾಡಿಸಿದ ಮಾಲೀಕರಿಗೆ, ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಾಮಾನಿಗೂ ತಾನಾಗಿ ರಕ್ಷಣೆ ಸಿಗುತ್ತದೆ. ಬಾಡಿಗೆಯವರು ಸಾಮಾನಿಗಷ್ಟೇ ಮಾಡಿಸಿಕೊಳ್ಳಬಹುದು. ಇದನ್ನು ಬಾಡಿಗೆಯವರಿಗೆ ಕೂರಿಸಿ ಹೇಳುವವರೇ ಇಲ್ಲವಲ್ಲ ಎಂಬುದು ನನ್ನ ಸಂಕಟ. ಈಕೆ ಮಾಡಿಸಿದ್ದರು, ಪುಣ್ಯ.

ನೀರಿಗೆ ಹೆದರಿ ಅಕ್ಕನ ಮನೆಗೆ ಹೋಗಿದ್ದಾಗ ಅಟ್ಟದ ಮೇಲಿದ್ದ ಮಿಕ್ಸಿ ಕಳುವಾಗಿದೆ. ಪೊಲೀಸ್ ದೂರಿನ ಪ್ರತಿ ಕೊಡುತ್ತಾರೆ. ನೆರೆಯಂಥ ಅವಘಡವಾದ ಏಳು ದಿನದೊಳಗಿನ ಕಳವಿಗೆ ಪರಿಹಾರವುಂಟು. ಬರೀ ಕಳ್ಳತನವಾಗಿದ್ದರೆ ಬೇರೆ ವಿಮೆ ಬೇಕಿತ್ತು.

ಹಬ್ಬಕ್ಕೆಂದು ತೆಗೆದಿಟ್ಟಿದ್ದ ಬೆಳ್ಳಿಯ ಕುಂಕುಮ ಭರಣಿಯೂ ಇಲ್ಲ. ಒಡವೆ, ಬೆಳ್ಳಿಗೆ ಪ್ರತ್ಯೇಕವಾಗಿ ಬರೆಸಬೇಕಿತ್ತು, ಬರೆಸಿಲ್ಲ. ಅಕ್ಕಿ ಡಬ್ಬಿಯಲ್ಲಿ ನೆನೆದ ನೋಟುಗಳ ಸುರುಳಿ ತೋರಿಸುತ್ತಾರೆ. ಸರ್ವೇಯರ್ ತಲೆಯಾಡಿಸುತ್ತಾರೆ, ನಗದಿಗಿಲ್ಲ. ಹೊರಗಿನ ಸ್ಕೂಟರಿಗೂ ಇಲ್ಲ, ಅದಕ್ಕೆ ಅದರದೇ ವಿಮೆ.

ಕೊನೆಗೆ ಬೀರುವಿನ ಕೆಳಖಾನೆ. ಮಗಳ ಅಂಕಪಟ್ಟಿಗಳು ಒಂದಕ್ಕೊಂದು ಅಂಟಿ ಹಪ್ಪಳದ ಹಿಟ್ಟಿನಂತಾಗಿವೆ. ಆಕೆ ಕೇಳುವುದೇ ಇಲ್ಲ. ದಾಖಲೆ ಪತ್ರಗಳಿಗೂ ಪರಿಹಾರವಿಲ್ಲವೆಂದು ಸರ್ವೇಯರೂ ಹೇಳುವುದಿಲ್ಲ. ಪೆನ್ನು ಜೇಬಿಗಿಟ್ಟು, ಹಾಳೆಯ ಒಂದು ಮೂಲೆ ಹಿಡಿದುಕೊಳ್ಳುತ್ತಾರೆ. ಆಕೆ ಇನ್ನೊಂದು ಮೂಲೆಯಿಂದ ಮೆಲ್ಲಗೆ ಬಿಡಿಸತೊಡಗುತ್ತಾರೆ.