ಒಂದು ತೂಬಿಗೆ ಇಬ್ಬರು ನೀರುಗಂಟಿಗಳು

ಸ್ಕಾಲರ್‌ಶಿಪ್ ಅರ್ಜಿಗೆ ಅಂದೇ ಕೊನೆಯ ದಿನ. ಪಾಂಡವಪುರದಿಂದ ಬಸ್ಸಿನಲ್ಲಿ ಬರುವ ಸಹಪಾಠಿಯೊಬ್ಬಳು ಲ್ಯಾಬಿನ ಉಬುಂಟು ಕಂಪ್ಯೂಟರ್ ಮುಂದೆ ಕುಳಿತಿದ್ದಳು. ಇಂಟರ್ನೆಟ್ ಬರುತ್ತಿತ್ತು, ಹೋಗುತ್ತಿತ್ತು. ಎಲ್ಲರೂ ಕೇಬಲ್ಲನ್ನು ದೂರಿದರು. ನಾನೂ ತಲೆಯಾಡಿಸಿದೆ.

ನಿಜ ಬೇರೆಯೇ ಇತ್ತು. ಹಿಂದಿನ ದಿನ ನಾನೇ ಒಂದು ವಿಡಿಯೊ ನೋಡಿ, ಆ ಕಂಪ್ಯೂಟರಿಗೆ ಸ್ಥಿರ ಐಪಿ ವಿಳಾಸ ಕೊಡಲು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಚಾಲೂ ಮಾಡಿದ್ದೆ. ಡೆಸ್ಕ್‌ಟಾಪ್ ಉಬುಂಟುವಿನಲ್ಲಿ ಆ ಕೆಲಸವನ್ನು ಮೊದಲಿನಿಂದಲೂ ನೆಟ್‌ವರ್ಕ್‌ಮ್ಯಾನೇಜರ್ ನೋಡಿಕೊಳ್ಳುತ್ತದೆ. ಅದು ನನಗೆ ಗೊತ್ತಿರಲಿಲ್ಲ. ‘ಐಪಿ ಅಡ್ರೆಸ್’ ಎಂದು ಟೈಪ್ ಮಾಡಿದರೆ ಒಂದೇ ಕಾರ್ಡಿಗೆ ಎರಡು ವಿಳಾಸ! ‘ಐಪಿ ರೂಟ್’ನಲ್ಲಿ ಹೊರಹೋಗಲು ಎರಡು ದಾರಿ, ಒಂದು ನಾನು ತಪ್ಪಾಗಿ ಬರೆದದ್ದು.

ನಾಗಮಂಗಲದ ಕಡೆಯ ನಮ್ಮೂರಲ್ಲಿ ಕೆರೆಯ ತೂಬು ಎತ್ತಲು ಒಬ್ಬನೇ ನೀರುಗಂಟಿ. ಇಬ್ಬರಾದರೆ ಒಬ್ಬ ಎತ್ತಿದ್ದನ್ನು ಇನ್ನೊಬ್ಬ ಇಳಿಸುತ್ತಾನೆ, ಒಣಗುವುದು ಗದ್ದೆ.

ಸರ್ ಬಳಿ ಹೋಗಿ ಒಪ್ಪಿಕೊಂಡೆ. ಬೈಯಲಿಲ್ಲ. “ನೀನೇ ಸರಿಮಾಡು” ಎಂದರು. ನೆಟ್‌ವರ್ಕ್‌ಡಿಯನ್ನು ನಿಲ್ಲಿಸಿ, ಮತ್ತೆ ಏಳದಂತೆ ಡಿಸೇಬಲ್ ಮಾಡಿ, ಸ್ಥಿರ ವಿಳಾಸವನ್ನು ನೆಟ್‌ವರ್ಕ್‌ಮ್ಯಾನೇಜರ್‌ನಲ್ಲೇ ಬರೆದು ರೀಬೂಟ್ ಮಾಡಿದೆ. ಸಂಜೆ 4 ಗಂಟೆಗೆ ಅರ್ಜಿ ಹೋಯಿತು. ಅವಳು ಕಡೆಯ ಬಸ್ಸಿಗೆ ಓಡಿದಳು.

ಎರಡೂ ಬೇಕೇ ಬೇಕೆಂದರೆ ಕೆಲಸ ಹಂಚಿಕೊಡಬೇಕು: ಕೇಬಲ್ ಒಂದಕ್ಕೆ, ವೈ-ಫೈ ಇನ್ನೊಂದಕ್ಕೆ. ಯಾವ ಕಂಪ್ಯೂಟರಿನಲ್ಲಿ ಯಾವುದಿದೆ ಎಂದು ಈಗ ಲ್ಯಾಬ್ ರಿಜಿಸ್ಟರಿನಲ್ಲಿ ಬರೆದಿಡುತ್ತೇವೆ.

ಜೂನಿಯರ್ ಗೆಳೆಯರೇ, ಹೊಸದನ್ನು ಚಾಲೂ ಮಾಡುವ ಮುನ್ನ ಆ ಕೆಲಸ ಈಗ ಯಾರ ಕೈಯಲ್ಲಿದೆ ನೋಡಿ. ತಪ್ಪಾದರೆ ಬೇಗ ಹೇಳಿಬಿಡಿ. ಕೇಬಲ್ಲಿನ ಮೇಲೆ ಹಾಕಬೇಡಿ.