ಹೂಂಗುಟ್ಟಿದ್ದರ ಬೆಲೆ

ಅಜ್ಜಿ ಕಥೆ ಹೇಳುವಾಗ ಮೊಮ್ಮಗ ಹೂಂಗುಟ್ಟಬೇಕೆಂಬುದು ಕನ್ನಡ ನಾಡಿನ ಮನೆಗಳ ಹಳೆಯ ಪದ್ಧತಿ. ಆ ‘ಹೂಂ’ಗೆ ‘ಒಪ್ಪಿದೆ’ ಎಂಬ ಅರ್ಥವಿಲ್ಲ. ‘ನಿದ್ದೆ ಬಂದಿಲ್ಲ, ಮುಂದೆ ಹೇಳು’ ಎಂಬುದಷ್ಟೇ ಅದರ ತಾತ್ಪರ್ಯ. ಆದರೆ ಅದೇ ‘ಹೂಂ’ ಸಮುದ್ರ ದಾಟಿದರೆ ಕರಾರುಪತ್ರದ ರುಜುವಾಗಿಬಿಡುತ್ತದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಮುಂದಿನ ದಶಕಗಳಲ್ಲಿ ಹೊರದೇಶದ ಗಿರಾಕಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ಈ ನಗರದ ದೊಡ್ಡ ಕಸುಬಾಯಿತು. ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಗಿನ ಹತ್ತು ಗಂಟೆಯೆಂದರೆ ಇಲ್ಲಿ ರಾತ್ರಿ ಎಂಟೂವರೆ. ಅಂಥದೊಂದು ರಾತ್ರಿ ತರುಣ ಎಂಜಿನಿಯರನೊಬ್ಬ ಅಮೆರಿಕದ ವಿಮಾ ಕಂಪನಿಯ ಅಧಿಕಾರಿಯ ಮಾತನ್ನು ದೂರವಾಣಿಯಲ್ಲಿ ಆಲಿಸುತ್ತಿದ್ದ.

“ಕಂತು ಬಾರದಿದ್ದರೆ ಮೂವತ್ತು ದಿನ ಕಾದು ಪಾಲಿಸಿಯನ್ನು ರದ್ದುಗೊಳಿಸಬೇಕು,” ಎಂದ ಅಧಿಕಾರಿ.

“ಯೆಸ್,” ಎಂದ ತರುಣ, ಕೇಳಿಸಿತು ಎಂಬ ಅರ್ಥದಲ್ಲಿ. ಯಾವ ದಿನದಿಂದ ಮೂವತ್ತು? ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ದಡ್ಡನೆಂದುಕೊಂಡಾರೆಂಬ ಸಂಕೋಚದಿಂದ ನುಂಗಿಕೊಂಡ. ಕಂತಿನ ಗಡುವಿನಿಂದಲೇ ಎಣಿಸಿ ಪ್ರೋಗ್ರಾಂ ಬರೆದ. ಆರು ವಾರಗಳ ತರುವಾಯ, ಗಿರಾಕಿಗಳು ಪರೀಕ್ಷಿಸಿದಾಗ, ಪ್ರಮಾದ ಹೊರಬಿತ್ತು. ಎಣಿಕೆ ಆಗಬೇಕಿದ್ದುದು ಎಚ್ಚರಿಕೆಯ ನೋಟೀಸು ಹೊರಟ ದಿನದಿಂದ. ಆ ಪ್ರೋಗ್ರಾಂ ಬಳಕೆಗೆ ಬಂದಿದ್ದರೆ, ಯಾವಳೋ ವೃದ್ಧೆ ನೋಟೀಸಿನ ಲಕೋಟೆಯನ್ನು ಒಡೆಯುವ ಮೊದಲೇ ಅವಳ ವಿಮೆ ಸತ್ತುಹೋಗುತ್ತಿತ್ತು. ಲೆಕ್ಕದಲ್ಲಿ ಒಂದಿನಿತೂ ತಪ್ಪಿರಲಿಲ್ಲ. ತಪ್ಪಿದ್ದುದು ಕೇಳದೆ ಉಳಿದುದರಲ್ಲಿ.

ಸರಿಪಡಿಸುವ ಭಾರ ಹಿರಿಯ ಸಹೋದ್ಯೋಗಿನಿಯೊಬ್ಬರ ಪಾಲಿಗೆ ಬಂತು. ಆಕೆ ಗದರಲಿಲ್ಲ.

“ನಮಗೆ ಅರ್ಥವಾದದ್ದನ್ನು ಅವರಿಗೇ ತಿರುಗಿ ಹೇಳಬೇಕಪ್ಪ, ಉದಾಹರಣೆ ಸಮೇತ,” ಎಂದು ಅವನಿಂದಲೇ ಬರೆಸಿದರು: ‘ಮಾರ್ಚ್ 1ರಂದು ನೋಟೀಸು ಹೊರಟಿತು, 20ರಂದು ಅರ್ಧ ಹಣ ಬಂತು. 31ರಂದು ಪಾಲಿಸಿಯನ್ನು ರದ್ದು ಮಾಡುವುದೆ, ಬೇಡವೆ?’

ಉತ್ತರಕ್ಕೆ ನಾಲ್ಕು ದಿನ ಹಿಡಿಯಿತು. ಅರ್ಧ ಹಣ ಬಂದರೇನು ಗತಿಯೆಂದು ಆ ಅಧಿಕಾರಿಯೂ ಯೋಚಿಸಿರಲಿಲ್ಲ. ತಮ್ಮ ವಕೀಲರನ್ನು ವಿಚಾರಿಸಬೇಕಾಯಿತು. ದಡ್ಡತನವೆಂದು ತರುಣ ಅಂಜಿದ್ದ ಬಗೆಯ ಪ್ರಶ್ನೆಗೇ ಆತ ಕೃತಜ್ಞತೆಯನ್ನು ತಿಳಿಸಿದ್ದ. ಏನನ್ನು ಕಟ್ಟಬೇಕೆಂದು ಖಚಿತವಾಗಿ ನಿಷ್ಕರ್ಷಿಸುವುದೇ ಸಾಫ್ಟ್‌ವೇರ್ ನಿರ್ಮಾಣದ ಅತಿ ಕಠಿಣ ಭಾಗವೆಂದು ಫ್ರೆಡರಿಕ್ ಬ್ರೂಕ್ಸ್ 1986ರಲ್ಲಿಯೇ ಪ್ರತಿಪಾದಿಸಿದ್ದರು. ಬೇಕೆನ್ನುವವನಿಗೂ ತನಗೆ ಬೇಕಾದುದು ಪೂರ್ತಿಯಾಗಿ ತಿಳಿದಿರುವುದಿಲ್ಲ. ಬಲ್ಲವನು ಕೇಳಿದಾಗಲೇ ಅದು ರೂಪು ತಳೆಯುತ್ತದೆ.

ಅಂದಿನಿಂದ ಆ ತಂಡದಲ್ಲಿ ಪ್ರತಿಯೊಂದು ಬೇಡಿಕೆಗೂ ಒಂದು ಸಂಖ್ಯೆ, ಒಂದು ಉದಾಹರಣೆ, ಗಿರಾಕಿಯ ಒಪ್ಪಿಗೆ. ನಡುವೆ ಬದಲಾವಣೆ ಬಂದರೆ, ಅದರಿಂದ ಹೆಚ್ಚುವ ದಿನಗಳೆಷ್ಟೆಂಬುದೂ ಅದರ ಪಕ್ಕದಲ್ಲಿಯೇ ದಾಖಲು.

ವರ್ಷಗಳು ಕಳೆದು ಆ ತರುಣನೂ ಹಿರಿಯನಾದ. ಒಂದು ರಾತ್ರಿ, ಹೊಸದಾಗಿ ಸೇರಿದ ಹುಡುಗಿ ದೂರವಾಣಿಯಲ್ಲಿ ಮೂರು ಬಾರಿ “ಯೆಸ್” ಎಂದದ್ದು ಅವನ ಕಿವಿಗೆ ಬಿತ್ತು. ಮಾತು ಮುಗಿದ ಮೇಲೆ ಕುರ್ಚಿಯನ್ನು ಅವಳ ಬಳಿಗೆ ಎಳೆದುಕೊಂಡು ಮೆಲ್ಲನೆ ಕೇಳಿದ:

“ಅವರು ಹೇಳಿದ್ದೇನಮ್ಮ? ನನಗೊಮ್ಮೆ ಹೇಳು, ನೋಡೋಣ.”