ಎಂಟು ದಿನಗಳ ದೇಶದರ್ಶನ

ನಮ್ಮ ಮನೆಯಲ್ಲಿ ಕಳೆದೊಂದು ತಿಂಗಳಿನಿಂದ ಒಂದೇ ಪ್ರಶ್ನೆಯ ಚರ್ಚೆ ನಡೆದಿತ್ತು. ಒಂದು ದೇಶವನ್ನು ಮೊಟ್ಟಮೊದಲು ಕಾಣಲು ಬರುವವರಿಗೆ ಎಂಟೇ ದಿನಗಳು ದೊರೆತರೆ ಅವನ್ನು ಹೇಗೆ ಕಳೆಯತಕ್ಕದ್ದು? ಬರುವವರು ಪರಕೀಯರಲ್ಲ, ತೀರಿಹೋದ ನಮ್ಮ ತಂಗಿಯ ಮಗಳು, ಅವಳ ಗಂಡ ಮತ್ತು ಇಬ್ಬರು ಮಕ್ಕಳು. ಆದರೆ ಇಂಗ್ಲಂಡಿನಲ್ಲಿಯೇ ಹುಟ್ಟಿ ಬೆಳೆದ ಆ ಮಕ್ಕಳಿಗೆ ಇದು ಪರದೇಶವೇ ಸರಿ. ಹಿರಿಯವಳಿಗೆ ಹನ್ನೊಂದು ವರ್ಷ, ಕಿರಿಯವನಿಗೆ ಎಂಟು. ಈ ನೆಲವನ್ನು ಅವರು ಇನ್ನೂ ತುಳಿದಿಲ್ಲ. ಡಿಸೆಂಬರದ ಸೂಟಿ ಎರಡು ವಾರ. ಹೋಗಿಬರುವ ಪಯಣವನ್ನೂ ಬೆಂಗಳೂರಿನಲ್ಲಿ ಬೀಗರ ಮನೆಯ ನಾಲ್ಕು ದಿನಗಳನ್ನೂ ಕಳೆದರೆ ಉಳಿಯುವವು ಎಂಟು.

ಮಗಳು ಒಂದು ಯಾದಿಯನ್ನು ಬರೆದು ಕಳುಹಿದಳು: ದಿಲ್ಲಿ, ಆಗ್ರಾ, ಜಯಪುರ, ಗೋವೆ, ಹಂಪಿ, ಎಲ್ಲಕ್ಕೂ ಕಡೆಗೆ, "ಬೆಟಗೇರಿ, ಒಂದು ದಿನ." ನಾವು ಸೀಸದಕಡ್ಡಿ ಹಿಡಿದು ಲೆಕ್ಕಕ್ಕೆ ಕುಳಿತೆವು. ಬೆಂಗಳೂರಿನಿಂದ ದಿಲ್ಲಿಗೆ ವಿಮಾನವು ಮೂರು ತಾಸಿನೊಳಗೇ ಮುಟ್ಟುವದು ನಿಜ; ಆದರೆ ನಿಲ್ದಾಣಕ್ಕೆ ಹೋಗುವದು, ಕಾಯುವದು, ಇಳಿದು ಊರು ಸೇರುವದು ಎಲ್ಲ ಕೂಡಿದರೆ ಮುಕ್ಕಾಲು ದಿನ ಹೋದಂತೆಯೇ. ದಿಲ್ಲಿ, ಆಗ್ರಾ, ಜಯಪುರಗಳ ತ್ರಿಕೋನದಲ್ಲಿ ಒಂದೊಂದು ಬದಿಯೂ ಇನ್ನೂರು ಕಿಲೋಮೀಟರಿಗೆ ಮಿಕ್ಕಿದ್ದು. ಮೇಲಾಗಿ ಉತ್ತರದಲ್ಲಿ ಅದು ಮಂಜಿನ ಕಾಲ. ರೈಲು, ವಿಮಾನ ಎರಡೂ ಹೊತ್ತು ತಪ್ಪುವವು. ಎಂಟು ದಿನಗಳಲ್ಲಿ ಮೂರೂವರೆ ದಿನ ಗಾಡಿಯಲ್ಲಿ, ಅರ್ಧ ದಿನ ಪೆಟ್ಟಿಗೆ ಕಟ್ಟಿ ಬಿಚ್ಚುವದರಲ್ಲಿ. ಹುಡುಗರು ದೇಶವನ್ನು ನೋಡುವದು ಕಿಟಕಿಯ ಗಾಜಿನೊಳಗಿಂದ.

ಆಗ್ರಾವನ್ನು ನಾವು ಹಗುರಾಗಿ ಕಾಣುವವರಲ್ಲ. ಅಳಿಯನಿಗೆ ಅದನ್ನು ನೋಡುವ ಆಸೆ ಬಹಳ ದಿನಗಳಿಂದ ಉಂಟು. ಆದರೆ ತಾಜಮಹಲು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ನಿಂತಿದೆ, ಇನ್ನೊಂದು ಸಲ ಬಂದಾಗಲೂ ನಿಂತಿರುವದು. ನಮ್ಮ ಅವ್ವನಿಗೆ ಎಂಬತ್ತಾರು. ತನ್ನ ಮಗಳ ಮೊಮ್ಮಕ್ಕಳನ್ನು ಅವಳು ಈವರೆಗೆ ಅಂಗೈಯಗಲದ ಫೋನಿನಲ್ಲಿ ಮಾತ್ರ ಕಂಡಿದ್ದಾಳೆ; ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಹುಡುಗರು ನಕ್ಕು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ.

ಇದನ್ನೇ ಬರೆದುಬಿಡೋಣವೆಂದರೆ ನಮ್ಮ ಮನೆಯಾಕೆ ತಡೆದಳು. ಮುದುಕಿಯ ವಯಸ್ಸನ್ನು ಮುಂದೆ ಮಾಡಿ ಕರೆದರೆ ಹುಡುಗಿ ಬಂದಾಳು, ಆದರೆ ಅಳಿಯನ ಮನಸ್ಸು ಆಗ್ರಾದಲ್ಲಿಯೇ ಉಳಿದೀತು. ಈ ಸೀಮೆಯಲ್ಲಿ ನೋಡತಕ್ಕದ್ದು ಏನಿದೆಯೆಂಬುದನ್ನು ಹೇಳಿ ಕರೆಯಿರಿ, ಎಂದಳು. ಮಾತು ಯೋಗ್ಯವಾಗಿತ್ತು. ಅವ್ವನನ್ನು ಕೇಳಿದರೆ ಅವಳ ಅಭಿಪ್ರಾಯ ಬೇರೆಯೇ: "ಅವರು ಆಗ್ರಾ ನೋಡ್ಲಿ ಬಿಡಪಾ. ಹಾಸಿಗಿ ಮ್ಯಾಲೆ ಕುಂತಾಕಿನ್ನ ಏನ ನೋಡ್ತಾರ?" ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು: "ಲಕ್ಷ್ಮೇಶ್ವರಕ್ಕ ಹೋಗೋದು ಐತೇನ? ಇದ್ರ ನಾನೂ ಬರ್ತೀನಿ."

ಲಕ್ಷ್ಮೇಶ್ವರವು ಅವಳ ತವರು. ಅಣ್ಣನು ತೀರಿದ ಮೇಲೆ ಒಂಬತ್ತು ವರ್ಷ ಅವಳು ಆ ಕಡೆ ಮುಖ ಹಾಕಿರಲಿಲ್ಲ. ಅಂದಿನಿಂದ ನಮ್ಮ ಯಾದಿಯು ಲಕ್ಷ್ಮೇಶ್ವರದಿಂದಲೇ ಆರಂಭವಾಯಿತು.

ಆ ಊರು ಹಿಂದಿನ ಪುಲಿಗೆರೆ. ಕನ್ನಡದ ತಿರುಳು ಯಾವ ಪ್ರದೇಶದ್ದೆಂದು ಹೇಳುವಾಗ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಎಣಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. 941ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪನು ತಾನು ಬರೆದದ್ದು ಪುಲಿಗೆರೆಯ ಕನ್ನಡವೆಂದು ಹೇಳಿಕೊಂಡನು. ಸೋಮೇಶ್ವರನ ಗುಡಿಯಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತ ಮೂರ್ತಿಯಿದೆ; ಹುಡುಗರಿಗೆ ಅದು ಕೂಡಲೇ ಮನಸ್ಸಿಗೆ ಹತ್ತುವದು. ಇನ್ನೊಂದು ವಿಷಯವನ್ನು ಅವ್ವನ ಬಾಯಿಂದಲೇ ಹೇಳಿಸಬೇಕೆಂದಿದ್ದೇವೆ. 1948ರ ವರೆಗೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು, ನೆರೆಯ ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು, ಗದಗವು ಇಂಗ್ರಜರ ಧಾರವಾಡ ಜಿಲ್ಲೆಯದು. ಇಬ್ಬರು ರಾಜರ ಸೀಮೆಯನ್ನೂ ಒಬ್ಬ ಚಕ್ರವರ್ತಿಯ ಸೀಮೆಯನ್ನೂ ಒಂದೇ ದಿನ ಚಕ್ಕಡಿಯಲ್ಲಿ ದಾಟಬಹುದಾಗಿದ್ದ ಕಾಲದ ಹುಡುಗಿ ಅವಳು. ವಿಮಾನದಲ್ಲಿ ಹತ್ತು ತಾಸು ಕುಳಿತು ಬರುವ ಮಕ್ಕಳು ಇದನ್ನು ಕೇಳಿ ಏನನ್ನುವರೋ ನೋಡಬೇಕು.

ಅದೇ ಹಾದಿಯಲ್ಲಿ ಶಿರಹಟ್ಟಿ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠಕ್ಕೆ ಒಂದು ತಾಸು ಸಾಕು. ಹೆಚ್ಚು ಹೊತ್ತು ಬೇಕಾದದ್ದು ಮಾಗಡಿ ಕೆರೆಗೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲವನ್ನೆಲ್ಲ ಅಲ್ಲಿ ಕಳೆಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುತ್ತವೆ. 2024ರಲ್ಲಿ ಆ ಕೆರೆಯು ರಾಮ್ಸಾರ್ ಯಾದಿಯಲ್ಲಿ ಸೇರಿ ಲೋಕಪ್ರಸಿದ್ಧವಾಯಿತು. ನಮ್ಮ ಅತಿಥಿಗಳು ಬರುವ ತಿಂಗಳು ಅವುಗಳು ಇರುವ ತಿಂಗಳೇ ಆಗಿರುವದು ನಮ್ಮ ಭಾಗ್ಯ.

ಮುಂಡರಗಿಯ ದಾರಿ ಇನ್ನೊಂದು ದಿನಕ್ಕೆ. ನಡುವೆ ಡಂಬಳದಲ್ಲಿ ಇಳಿದು, ದೊಡ್ಡಬಸಪ್ಪನ ಗುಡಿಯ ಸುತ್ತ ನಡೆದು ಮೂಲೆಗಳನ್ನು ಎಣಿಸಲು ಕಿರಿಯವನಿಗೆ ಹೇಳತಕ್ಕದ್ದು. ಇಪ್ಪತ್ನಾಲ್ಕು ಸಿಕ್ಕರೆ ಅವನ ಲೆಕ್ಕ ಸರಿ. ಮುಂಡರಗಿಯಲ್ಲಿ ಕಣ್ಣಿಗೆ ಕಾಣುವದಕ್ಕಿಂತ ಹೇಳತಕ್ಕದ್ದು ಹೆಚ್ಚು. 1858ರಲ್ಲಿ ಇಂಗ್ರಜರ ಮೇಲೆ ತಿರುಗಿಬಿದ್ದು ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದ ಭೀಮರಾಯನ ಊರು ಅದು. ಇಂಗ್ಲಂಡಿನ ಶಾಲೆಯಲ್ಲಿ ಇತಿಹಾಸ ಕಲಿಯುವ ಹುಡುಗಿಗೆ ಈ ಹೆಸರನ್ನು ಇಲ್ಲಿಯವರೇ ಹೇಳಬೇಕಲ್ಲದೆ ಮತ್ತಾರು ಹೇಳಿಯಾರು?

ಲಕ್ಕುಂಡಿಗೆ ಅರ್ಧ ದಿನ. ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ದೊಡ್ಡವರು ನೋಡಲಿ. ಹುಡುಗರಿಗೆ ಮುಸುಕಿನ ಬಾವಿಯ ಮೆಟ್ಟಿಲುಗಳೇ ಸಾಕು. ಅಳಿಯನು ಬ್ಯಾಂಕಿನವನಾದಕಾರಣ ಕಣಗಿನಹಾಳವನ್ನೂ ಸೇರಿಸಿದೆವು. 1905ರಲ್ಲಿ ಅಲ್ಲಿಯ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರಿ ಸಂಘವು ಈ ದೇಶದ ಸಹಕಾರಕ್ಕೆ ತಳಹದಿ. ಸಂಜೆ ಗದಗಿನಲ್ಲಿ ಕುಮಾರವ್ಯಾಸನು ಒರಗಿ ಕುಳಿತು ಬರೆದನೆಂದು ಹೇಳುವ ವೀರನಾರಾಯಣನ ಗುಡಿಯ ಕಂಬ, ಆ ಮೇಲೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ತಾವು ಕಣ್ಣಿಲ್ಲದವರಾಗಿದ್ದು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅಲ್ಲಿ ಸಂಗೀತವನ್ನು ಕೊಟ್ಟರು. ಹಾಡಿಗೆ ಭಾಷೆಯ ಅಡ್ಡಿ ಇಲ್ಲವಾದ್ದರಿಂದ ಈ ಹುಡುಗರು ಅಲ್ಲಿ ಬೇಸರಪಡಲಾರರೆಂದು ನಮ್ಮ ನಂಬಿಗೆ.

ಹಂಪಿಯನ್ನು ಒಂದು ದಿನಕ್ಕೆ ಉಳಿಸಿಕೊಂಡೆವು. ಹೊಸಪೇಟೆಗೆ ಗದಗದಿಂದ ನೇರ ರೈಲುದಾರಿ. ಗೋವೆಯನ್ನು ಚರ್ಚೆಯಿಲ್ಲದೆ ಹೊಡೆದುಹಾಕಿದೆವು. ಎರಡು ದಿನಗಳ ಮುಂದೆ ಏನನ್ನೂ ಬರೆಯಲಿಲ್ಲ. ನಮ್ಮ ಮಗನು ಇದನ್ನು ಕಂಡು, "ಅಪ್ಪಾ, ಅಷ್ಟು ದೂರದಿಂದ ಬಂದವರು ಸುಮ್ಮನೆ ಕೂಡ್ರಬೇಕೇ?" ಎಂದನು. ಕೂಡ್ರಲಿ. ನಮ್ಮ ಓಣಿಯಲ್ಲಿ ಇನ್ನೂ ಉಳಿದಿರುವ ಕೈಮಗ್ಗದ ಸಪ್ಪಳ ಕೇಳಲಿ, ರೊಟ್ಟಿ ಬಡಿಯಲು ಹೋಗಿ ಹರಿಯಲಿ, ಅವ್ವನು ಕೇಳಿದ ಒಂದು ಮಾತಿಗಾದರೂ ಉತ್ತರ ಹುಡುಕಲಿ. ಅದಕ್ಕೆ ಮುಂಜಾನೆಯಿಂದ ಸಂಜೆಯ ವರೆಗೆ ಬೇರೇನೂ ಕೆಲಸವಿರಬಾರದು.

ನಾಲ್ಕು ದಿನಗಳ ಮೇಲೆ ಉತ್ತರ ಬಂತು. ದಿಲ್ಲಿಯ ಟಿಕೇಟುಗಳನ್ನು ಇನ್ನೂ ಕೊಂಡಿರಲಿಲ್ಲ. ಮುಂದಿನ ಸಲ ಆಗ್ರಾ ತಪ್ಪಬಾರದೆಂಬ ಕರಾರಿನ ಮೇಲೆ ಅಳಿಯನು ಒಪ್ಪಿದನು, ಕರಾರು ನ್ಯಾಯವಾದದ್ದೇ. ಕಿರಿಯವನದು ಒಂದೇ ಪ್ರಶ್ನೆ: ಆ ಹಕ್ಕಿಗಳು ಅಲ್ಲಿ ಎಷ್ಟು ದಿನ ಇರುತ್ತವೆ? ಅವ್ವನಿಗೆ ಓದಿ ಹೇಳಿದೆವು. "ನಿಮಗಿಂತ ಹೆಚ್ಚು ದಿನ ಇರ್ತಾವ ಅಂತ ಬರಿ," ಎಂದಳು. ಹಾಗೆಯೇ ಬರೆದೆವು.

ಲಕ್ಷ್ಮೇಶ್ವರದ ದಿನ ಗಾಡಿಯು ಮುಂಜಾನೆ ಏಳರೊಳಗೆ ಹೊರಡಬೇಕು, ತನಗೆ ಚಾಲಕನ ಪಕ್ಕದ ಜಾಗವೇ ಆಗಬೇಕು ಎಂದು ಅವ್ವ ಈಗಲೇ ನಿಶ್ಚಯಿಸಿದ್ದಾಳೆ. ಸೋಮೇಶ್ವರನಿಗಿಂತ ಮೊದಲು ತವರಿನ ಓಣಿಗೆ ಹೋಗತಕ್ಕದ್ದಂತೆ. ಆ ಮನೆಯು ಈಗ ಬೇರೆಯವರದು. ಒಳಗೆ ಕರೆಯದಿದ್ದರೂ ಅಡ್ಡಿಯಿಲ್ಲ, ಹುಡುಗರಿಗೆ ಹೊರಗಿನಿಂದ ಕಟ್ಟೆಯನ್ನು ತೋರಿಸಿದರೆ ಸಾಕು ಎಂದಿದ್ದಾಳೆ.